ಉಬ್ಬೆ ಹಾಕಿದ ಕಿಟಕಿ

ಎಣ್ಣೆ ಜಿಡ್ಡಿನ ಮೇಲೆ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಇವತ್ತಿಗೂ ಸಹನೆ ಇಲ್ಲ. ಕೊಳೆಯನ್ನು ಕೊಳೆಯಾಗಿಯೇ ಬಿಟ್ಟವನು ಸೋಮಾರಿ, ಅಷ್ಟೆ. ಅವನು ಯಾರ ಕಣ್ಣಿಗೂ ಮಣ್ಣೆರಚುವುದಿಲ್ಲ. ಅದೇ ಕೊಳೆಯ ಮೇಲೆ ಹಸಿರು ಬಣ್ಣ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು "ಎಂಗೈತೆ?" ಎಂದು ಕೇಳುವವನು ಬೇರೆಯೇ ತಳಿ. ಅಂಥವರೊಬ್ಬರ ಜೊತೆ ನಾನು ಒಂದೇ ಸೂರಿನಡಿ ಹದಿನಾರು ವರ್ಷ ಬಾಳಿದ್ದೇನೆ. ಅವರು ನನ್ನ ಗಂಡನ ಅಣ್ಣ, ನನಗೆ ಭಾವ.

ಬೆಟ್ಟದಪುರದ ಆ ಮನೆಗೆ ಸೊಸೆಯಾಗಿ ಬಂದಾಗ ನಾನು ಮೈಸೂರಿನಲ್ಲಿ ಶಿಕ್ಷಕಿಯರ ತರಬೇತಿ ಮುಗಿಸಿ, ಊರಿನ ಶಾಲೆಯಲ್ಲೇ ಕೆಲಸಕ್ಕೆ ಸೇರಿದ್ದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ತರಬೇತಿಯ ಹಾಸ್ಟೆಲ್ಲಿನಲ್ಲಿ ಬೆಳಗಿನ ಐದಕ್ಕೆ ಗಂಟೆ ಹೊಡೆಯುತ್ತಿತ್ತು. ಐದೂಕಾಲಿಗೆ ಹಾಸಿಗೆ ಸುತ್ತಿರಬೇಕು, ಐದೂವರೆಗೆ ತಲೆ ಬಾಚಿರಬೇಕು. ಪ್ರತಿ ಹುಡುಗಿಗೂ ಒಂದು ಕಿಟಕಿಯನ್ನು ವಹಿಸಿದ್ದರು. ಶನಿವಾರ ವಾರ್ಡನ್ ಬಂದು ಬಿಳಿಯ ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಚೌಕಟ್ಟಿನ ಮೂಲೆಗೆ ಒತ್ತುತ್ತಿದ್ದರು. ಕರವಸ್ತ್ರಕ್ಕೆ ಕಪ್ಪು ಹತ್ತಿದರೆ ಆ ಸಂಜೆಯ ತಿಂಡಿ ಇಲ್ಲ. ಎರಡು ವರ್ಷದಲ್ಲಿ ನಾನು ತಿಂಡಿ ಕಳೆದುಕೊಂಡದ್ದು ಎರಡೇ ಸಲ. ಅದರಲ್ಲಿ ಒಂದು ಸಲ ತಪ್ಪು ಕಾಗೆಯದು.

ಹೀಗೆ ತಯಾರಾಗಿ ಬಂದವಳಿಗೆ ಗಂಡನ ಮನೆಯ ಅಡುಗೆಮನೆ ತೋರಿಸಿದರು. ಕಿಟಕಿ ಎಲ್ಲಿದೆ ಎಂದು ಹುಡುಕಬೇಕಾಯಿತು.

ಕಿಟಕಿ ಒಳ್ಳೆಯದೇ ಆಗಿತ್ತು. ಹುಣಸೂರಿನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ನನ್ನ ಮಾವ ಅದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದರಂತೆ. ಎರಡು ರೆಕ್ಕೆ, ಒಂದೊಂದರಲ್ಲಿ ಎರಡೆರಡು ಗಾಜು, ಒಳಗೆ ಕಬ್ಬಿಣದ ಸರಳು. ಇಡೀ ಬೀದಿಯಲ್ಲಿ ಗಾಜಿನ ಕಿಟಕಿ ಇದ್ದದ್ದು ಆ ಮನೆಗೆ ಮಾತ್ರ. ಮಾವ ತೀರಿಹೋದ ಮೇಲೆ ಭಾವ ಮನೆಯ ಯಜಮಾನರಾದರು. ಪ್ರತಿ ವರ್ಷ ಪಕ್ಷದ ಹಬ್ಬಕ್ಕೆ, ಸತ್ತ ಹಿರಿಯರಿಗೆ ಎಡೆ ಇಡುವ ಮುಂಚೆ, ಮನೆಗೆಲ್ಲ ಸುಣ್ಣ ಬಳಿಯುವುದು ವಾಡಿಕೆ. ಅಡುಗೆಮನೆಯ ಕಿಟಕಿಗೆ ಸುಣ್ಣ ಹಿಡಿಯುತ್ತಿರಲಿಲ್ಲ. ಅಲ್ಲಿ ಹುಚ್ಚೆಳ್ಳೆಣ್ಣೆಯ ಜಿಡ್ಡು ಬೆರಳು ಜಾರುವಷ್ಟು ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ ಜಿಡ್ಡು ತೆಗೆಯುತ್ತಿದ್ದರು. ಭಾವ ಬಣ್ಣ ತಂದರು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಬಾಗಿಲಿಗೆ ಹಚ್ಚಿ ಉಳಿದದ್ದೋ, ಎತ್ತಿನ ಗಾಡಿಗೆ ಹಚ್ಚಿ ಉಳಿದದ್ದೋ, ಡಬ್ಬದ ತಳದಲ್ಲಿ ಏನಿರುತ್ತಿತ್ತೋ ಅದು. ಮರಕ್ಕೆ ಹಚ್ಚಿದರು. ಸರಳಿಗೆ ಹಚ್ಚಿದರು. ಗಾಜಿನ ಮೇಲಿನ ಜಿಡ್ಡೂ ಕಾಣುತ್ತಿತ್ತಲ್ಲ, ಗಾಜಿಗೂ ಹಚ್ಚಿದರು.

ಜಿಡ್ಡಿನ ಮೇಲೆ ಹಚ್ಚಿದ ಬಣ್ಣ ಒಣಗುವುದಿಲ್ಲ. ಹಲಸಿನ ಮೇಣದ ಹಾಗೆ ಅಂಟಂಟಾಗಿ ಕೂತಿರುತ್ತದೆ. ಅವರು ರೆಕ್ಕೆ ಮುಚ್ಚಿ ಬಣ್ಣ ಬಳಿದಿದ್ದರಿಂದ ಎರಡು ರೆಕ್ಕೆಗಳೂ ಚೌಕಟ್ಟಿಗೆ ಕಚ್ಚಿಕೊಂಡವು. ಕಿಟಕಿ ತೆರೆಯುವುದು ಅಲ್ಲಿಗೆ ನಿಂತಿತು. ಮೇಲೆ ಹಂಚಿನ ನಡುವೆ ಹೊಗೆ ಹೋಗಲೆಂದೇ ಬಿಟ್ಟಿದ್ದ ಬೆಳಕಿಂಡಿಗೆ, ಬೆಟ್ಟದ ಮಂಗಗಳು ಇಳಿಯುತ್ತವೆ ಎಂದು, ತಗಡು ಹೊಡೆದವರೂ ಅವರೇ. ಹೀಗೆ ಎರಡು ಕೆಲಸದಲ್ಲಿ ಅವರು ಅಡುಗೆಮನೆಯನ್ನು ಕವುಚಿದ ಬುಟ್ಟಿಯೊಳಗಿನ ಕತ್ತಲೆ ಮಾಡಿಟ್ಟಿದ್ದರು. ಆ ಕತ್ತಲೆಯಲ್ಲಿ ನನ್ನ ಅತ್ತೆ ಮೂರು ಹೊತ್ತೂ ಒಲೆ ಉರಿಸುತ್ತಿದ್ದರು.

ಇದನ್ನೆಲ್ಲ ಭಾವನಿಗೆ ಹೇಳಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಹೇಳುವಂತಿರಲಿಲ್ಲ. ಗಂಡನ ಅಣ್ಣನ ಎದುರಿಗೆ ತಮ್ಮನ ಹೆಂಡತಿ ನಿಲ್ಲಬಾರದು, ಮುಖ ನೋಡಿ ಮಾತಾಡಬಾರದು. ಅವರೂ ನನ್ನ ಜೊತೆ ನೇರವಾಗಿ ಆಡುವ ಹಾಗಿಲ್ಲ. ಹೇಳಬೇಕಾದದ್ದನ್ನು ಇಬ್ಬರೂ ಅತ್ತೆಗೆ ಹೇಳುತ್ತಿದ್ದೆವು, ಇನ್ನೊಬ್ಬರು ಮೂರು ಮಾರು ದೂರದಲ್ಲೇ ಇದ್ದರೂ. ಅತ್ತೆ ಊರಿಗೆ ಹೋದಾಗ ಹಸುವಿಗೆ ಹೇಳುತ್ತಿದ್ದೆವು.

ನಾನು ಬಂದ ವರ್ಷದ ಚಳಿಗಾಲದಲ್ಲಿ ಸೌದೆ ಸಾಲದೆ ಹೊಗೆಸೊಪ್ಪಿನ ಒಣ ಕಡ್ಡಿ ಉರಿಸತೊಡಗಿದರು. ನಮ್ಮ ಕಡೆ ಎಲ್ಲ ಮನೆಯಲ್ಲೂ ಅದೇ. ಆ ಹೊಗೆ ಗಂಟಲಿಗೆ ಗರಗಸ. ಬೇರೆ ಮನೆಯಲ್ಲಿ ಅದು ಹೊರಗೆ ಹೋಗುತ್ತಿತ್ತು, ನಮ್ಮ ಮನೆಯಲ್ಲಿ ಅತ್ತೆಯ ಎದೆಗೆ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಅವರು ಒಂದು ಮಾತು ಮುಗಿಸಲು ನಡುವೆ ಎರಡು ಸಲ ನಿಲ್ಲುತ್ತಿದ್ದರು. ನಾನು ಒಂದು ದಿನ ರಜೆ ಹಾಕಿ ಅವರನ್ನು ಬಸ್ಸಿನಲ್ಲಿ ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. "ಅಡುಗೆಮನೆಗೆ ಕಿಟಕಿ ಇಲ್ವೇನ್ರಿ?"

"ಇದೆ, ತೆರೆಯೋದಿಲ್ಲ" ಎಂದೆ.

"ತೆರೀರಿ. ಇಲ್ಲದಿದ್ರೆ ಒಲೆ ಮುಂದೆ ಇವರನ್ನ ಕೂರಿಸ್ಬೇಡಿ. ಒಂದು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ. ಹಿಂಗೇ ಇದ್ರೆ ಅಡುಗೆ ಕೆಲಸ ಪೂರ್ತಿ ಬಂದ್."

ವಾಪಸು ಬರುವ ಬಸ್ಸಿನಲ್ಲಿ ಅತ್ತೆ, "ಒಲೆ ಬುಟ್ಟು ನಾನೇನವ್ವ ಮಾಡ್ಲಿ? ಜಗಲಿ ಮ್ಯಾಲೆ ಕೂತ್ಕಂಡು ನೊಣ ಓಡುಸ್ಲಾ?" ಎಂದರು. ಹದಿಮೂರನೆಯ ವಯಸ್ಸಿಗೆ ಆ ಒಲೆಯ ಮುಂದೆ ಕೂತವರು. ಆ ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದದ್ದು ಅಲ್ಲಿ ಕೂತಿದ್ದರಿಂದಲೇ.

ಸಂಜೆ ಜಗಲಿಯಲ್ಲಿ ಭಾವ ಸುದ್ದಿ ಕೇಳಿದರು. ಎಲೆಯಡಿಕೆಯನ್ನು ದವಡೆಯ ಈ ಕಡೆಯಿಂದ ಆ ಕಡೆಗೆ ದಬ್ಬಿ ತೀರ್ಮಾನ ಕೊಟ್ಟರು.

"ಅದ್ಕೆ ಕಿಟ್ಕಿ ಯಾಕೆ ಕೀಳ್ಬೇಕವ್ವ? ನಿನ್ ಕಿರಿ ಸೊಸೆಗೇಳು, ಇಸ್ಕೂಲ್ ಬುಟ್ಟು ಒಲೆ ಮುಂದೆ ಕೂತ್ಕಳಕ್ಕೆ. ಆಯ್ತಲ್ಲ."

ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಬಾಣಂತನಕ್ಕೆಂದು ತವರುಮನೆ ಭೇರ್ಯಕ್ಕೆ ಹೋದವರು ಆ ವರ್ಷವೆಲ್ಲ ಅಲ್ಲೇ ಇದ್ದರು. ಅತ್ತೆ ಒಲೆಯಿಂದ ಎದ್ದರೆ ಅಲ್ಲಿ ಕೂರಬೇಕಾದವಳು ನಾನೊಬ್ಬಳೇ. ನನ್ನ ಯಜಮಾನರು ಎಚ್.ಡಿ. ಕೋಟೆಯಲ್ಲಿ ಗುಮಾಸ್ತರು, ಶನಿವಾರ ಬಂದು ಸೋಮವಾರ ಹೋಗುವವರು. ಅವರಿಗೆ ಹೇಳಿದಾಗ, "ಅಣ್ಣ ಹೇಳೋದ್ರಲ್ಲೂ ಒಂದು ಅರ್ಥ ಇದೆ, ನೀನು ಹೇಳೋದ್ರಲ್ಲೂ ಇದೆ" ಎಂದು ಕಾಫಿ ಕುಡಿದರು. ಹೀಗಾಗಿ, ಅತ್ತೆಯ ಎದೆಗಾಗಿ ಮಾತ್ರ ಆ ಕಿಟಕಿಗೆ ಕೈಹಾಕಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ತೆರೆಯದಿದ್ದರೆ ಅವರ ಒಲೆಯೂ ಹೋಗುತ್ತಿತ್ತು, ನನ್ನ ಶಾಲೆಯೂ ಹೋಗುತ್ತಿತ್ತು. ಕೈಯಲ್ಲಿದ್ದದ್ದು ಒಂದು ತಿಂಗಳು, ಲೆಕ್ಕ ಹಾಕಿದರೆ ಐದು ಭಾನುವಾರ.

ಮೊದಲ ಭಾನುವಾರ ನಾನು ಹಾಸ್ಟೆಲ್ಲಿನ ಪದ್ಧತಿ ಹಿಡಿದೆ. ಸೀಮೆಸುಣ್ಣದ ಪುಡಿ, ಹಳೆಯ ಪತ್ರಿಕೆ, ತಣ್ಣೀರು. ಒಂದು ಗಂಟೆ ತಿಕ್ಕಿದ ಮೇಲೆ ಪುಡಿ ಮತ್ತು ಜಿಡ್ಡು ಕಲೆತು ಬೂದುಬಣ್ಣದ ಹಿಟ್ಟಾಯಿತು. ಆ ಹಿಟ್ಟು ಪತ್ರಿಕೆಯ ಅಕ್ಷರಗಳನ್ನು ಎಳೆದುಕೊಂಡಿತು. ಗಾಜಿನ ಮೇಲೆ ಯಾವುದೋ ಊರಿನ ಜಾನುವಾರು ಜಾತ್ರೆಯ ಸುದ್ದಿ ತಿರುಗುಮುರುಗಾಗಿ ಮೂಡಿತು. ವಾರ್ಡನ್ನರ ಪದ್ಧತಿ ಒಲೆಯೇ ಇಲ್ಲದ ಕೋಣೆಯ ಕಿಟಕಿಗೆ ಹೇಳಿಮಾಡಿಸಿದ್ದು ಎಂಬುದು ಆಗ ತಿಳಿಯಿತು. ಅವರ ಬಗ್ಗೆ ನನಗಿದ್ದ ಗೌರವ ಸ್ವಲ್ಪ ಇಳಿಯಿತು.

ಭಾವ ಬಾಗಿಲಾಚೆ ನಿಂತು ನೋಡಿದರು. "ಅವ್ವ, ಮೇಷ್ಟ್ರಮ್ಮಂಗೇಳು, ಅಂಗೆ ಕೆರೀಬ್ಯಾಡ ಅಂತ. ಬಣ್ಣ ಕಿತ್ತೋಯ್ತದೆ."

"ಅತ್ತೆ, ಬಣ್ಣ ಕೀಳೋಕೇ ಕೆರೀತಿರೋದು ಅಂತ ಹೇಳಿ."

"ಸೀಮೆಎಣ್ಣೆ ಹಾಕುದ್ರೆ ಒಂದೇ ಏಟ್ಗೆ ಹೋಯ್ತದೆ ಅನ್ನು. ಓದ್ದೋರಿಗೆ ಇಷ್ಟೂ ಗೊತ್ತಾಗಲ್ವಾ ಅನ್ನು."

ಅತ್ತೆ ಕೆಮ್ಮಿ ಮುಗಿಸಿ, "ನನ್ನೇನು ಅಂಚೆ ಡಬ್ಬ ಮಾಡ್ಕಂಡಿದ್ದೀರಾ ಇಬ್ರೂವೆ?" ಎಂದರು.

ನಾನು ಶಾಲೆಗೆ ಹೋದ ಒಂದು ದಿನ ಭಾವ ತಾವೇ ಸೀಮೆಎಣ್ಣೆ ಹಚ್ಚಿದರು. ಅವರು ಕೈಯಾರೆ ಕೆಲಸ ಮಾಡುವುದು ವರ್ಷಕ್ಕೆ ಎರಡೋ ಮೂರೋ ಸಲ, ಮತ್ತು ಅದು ಯಾವಾಗಲೂ ಬೇರೆಯವರಿಗೆ ಎರಡು ಪಟ್ಟು ಕೆಲಸ ತಂದು ಮುಗಿಯುತ್ತಿತ್ತು. ಸೀಮೆಎಣ್ಣೆ ಮೇಲಿನ ಒಂದು ಪದರವನ್ನು ಕರಗಿಸಿ ಗೋಡೆಗೆಲ್ಲ ಹರಿಸಿತು. ಕಿಟಕಿ ಅಲುಗಲಿಲ್ಲ. ಮೂರು ದಿನ ಮುದ್ದೆಯೂ ಸಾರೂ ಸೀಮೆಎಣ್ಣೆ ನಾತ ಹೊಡೆದವು. ಅತ್ತೆಯ ಕೆಮ್ಮು ಇಮ್ಮಡಿಯಾಯಿತು. ಒಲೆಯ ಪಕ್ಕದ ಮರಕ್ಕೆ ಸೀಮೆಎಣ್ಣೆ ಬಳಿದರೆ ಏನಾಗಬಹುದಿತ್ತು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನಾನು ಹೇಳಲೂ ಇಲ್ಲ. ಹಸುವಿಗೆ ಹೇಳಿದೆ.

ಎರಡನೆಯ ಭಾನುವಾರದ ತಿಕ್ಕಾಟವೂ ವ್ಯರ್ಥವಾಯಿತು. ಸೋಮವಾರ ಬಟ್ಟೆಗೆ ಬರುತ್ತಿದ್ದ ಮಡಿವಾಳರ ಮುದುಕಿ ಗಂಟು ಕಟ್ಟುತ್ತಾ ಅಡುಗೆಮನೆಯೊಳಗೆ ಇಣುಕಿದಳು. ಮೂಗಿನ ಮೇಲೆ ಸೆರಗು ಹಿಡಿದಳು.

"ಇದೇನವ್ವ ಇದು, ಕಿಟ್ಕಿಯೋ ಗಾಣದ ಬಾಯೋ?"

ಅತ್ತೆ ನನ್ನ ಕಡೆ ಕೈ ತೋರಿಸಿ, "ಮೇಷ್ಟ್ರಮ್ಮ ಎರಡು ವಾರದಿಂದ ತಿಕ್ತಾ ಅವ್ಳೆ, ಬತ್ತಾ ಇಲ್ಲ" ಎಂದರು.

"ತಿಕ್ಕುದ್ರೆ ಜಿಡ್ಡು ಬತ್ತದಾ? ತಿಕ್ಕುದ್ರೆ ಒಳಿಕ್ಕೆ ವೋಯ್ತದೆ. ಎಣ್ಣೆ ಅಂಗಡಿಯೋರ ಅಂಗಿ ನಾನು ತಿಕ್ಕೀನಾ? ಉಬ್ಬೆಗೆ ಹಾಕ್ತೀನಿ. ಬೆವರ್ಬೇಕು ಕಣವ್ವ ಅದು. ಬೆವರುದ್ರೆ ತಾನೇ ಬುಟ್ಕಂಡು ಬತ್ತದೆ."

ಉಬ್ಬೆ ಎಂದರೆ ಮಡಿವಾಳರ ಕೆಲಸದ ಜೀವ. ಚೌಳು ಮಣ್ಣು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ದೊಡ್ಡ ಹಂಡೆಯ ಬಾಯಿಯ ಮೇಲೆ ಗೋಪುರದ ಹಾಗೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸುವುದು. ಬಟ್ಟೆಗೆ ಮಾಡುವುದನ್ನು ಕಿಟಕಿಗೆ ಹೇಗೆ ಮಾಡುತ್ತೀಯೆ ಎಂದು ಕೇಳಿದೆ.

"ಕಿಟ್ಕಿ ಹಂಡೆ ಮ್ಯಾಲೆ ಕೂರಕ್ಕಾಯ್ತದಾ? ಹಬೇನೇ ಕಿಟ್ಕಿ ತಾವ್ಕೆ ವೋಗ್ಬೇಕು. ಭಾನ್ವಾರ ಬತ್ತೀನಿ. ಹಳೇ ಪಂಚೆ ಎಷ್ಟವೆ ಮಡಿಕ್ಕಂಡಿರಿ."

ಭಾನುವಾರ ಏಳು ಗಂಟೆಗೆ ಬರುತ್ತೇನೆ ಎಂದವಳು ಏಳಕ್ಕೇ ಬಂದಳು. ಆ ಮನೆಯಲ್ಲಿ ಹೇಳಿದ ಹೊತ್ತಿಗೆ ಬಂದ ಮೊದಲ ವ್ಯಕ್ತಿ ಅವಳು. ಕೆರೆಯಂಚಿನ ಚೌಳು ಮಣ್ಣನ್ನು ಬಿಸಿನೀರಿನಲ್ಲಿ ಕದಡಿ, ಮಣ್ಣು ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿ, ಆ ತಿಳಿಯನ್ನು ಕುದಿಸಿದಳು. ಅದರಲ್ಲಿ ಭಾವನ ಹಳೆಯ ಪಂಚೆ ಮುಳುಗಿಸಿ, ಕೋಲಿನಿಂದ ಎತ್ತಿ, ಹಬೆಯಾಡುತ್ತಿದ್ದಂತೆಯೇ ಸರಳುಗಳ ಸಂದಿಯಿಂದ ರೆಕ್ಕೆಗೆ ಒತ್ತಿದಳು. ಮೇಲೆ ಒಂದು ಗೋಣಿತಾಟು ಹೊದಿಸಿ, ಬೀಳದ ಹಾಗೆ ಹಲಗೆ ಆನಿಸಿದಳು. ಕೆಳಗಿನ ಅರ್ಧಕ್ಕೆ ಮಾತ್ರ.

"ಮೇಲಿಂದ ಶುರು ಮಾಡೋದಲ್ವಾ?" ಎಂದೆ.

"ಮ್ಯಾಲಿಂದ ಮಾಡುದ್ರೆ ಕೊಳೆನೀರು ಕೆಳೀಕೆ ಗೀರು ಗೀರಾಗಿ ಇಳೀತದೆ, ಒಣ ಜಿಡ್ಡಿನ ಮ್ಯಾಲೆ ಬಿದ್ದಿದ್ ಗೀರು ಹೋಗಕಿಲ್ಲ. ಕೆಳಗ್ಲುದು ಮೊದ್ಲು ನೆನೀಬೇಕು."

ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಮೇಲಿನಿಂದ ಕೆಳಕ್ಕೆ ಒರೆಸಿದವಳು ನಾನು. ಮುಂದಿನ ಪಂಚೆ ಮುಳುಗಿಸಿದೆ.

ಪಂಚೆ ತಣ್ಣಗಾಗುವ ಮೊದಲೇ ಎತ್ತಿ ನೋಡಲು ಕೈಹಾಕಿದೆ. ಅವಳು ಕೋಲಿನಿಂದ ನನ್ನ ಕೈ ತಡೆದಳು. "ತಡ್ಕಳಿ ಮೇಷ್ಟ್ರಮ್ಮ, ಇದೇನು ಮಗ್ಗಿ ಅಲ್ಲ ಒದರ್ಸಿ ಕಳ್ಸಕ್ಕೆ. ಬೆವರ್ಲಿ." ಒಂದು ಪಂಚೆ ಆರುತ್ತಲೇ ಇನ್ನೊಂದು. ಮೂರನೆಯದನ್ನು ಎತ್ತಿದಾಗ ಹಸಿರು ಬಣ್ಣ ಸುಕ್ಕುಗಟ್ಟಿ, ಕೆನೆಯ ಹಾಗೆ ಎದ್ದು ನಿಂತಿತ್ತು. ತೆಂಗಿನ ಕರಟದ ಚೂರಿನಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ದಬ್ಬಿದಳು. ಕಬ್ಬಿಣ ಮುಟ್ಟಿಸಲಿಲ್ಲ. ಕಬ್ಬಿಣ ಗಾಜನ್ನು ಗೀರುತ್ತದೆ, ಗೀರಿನೊಳಗೆ ಮತ್ತೆ ಜಿಡ್ಡು ಕೂರುತ್ತದೆ.

ಆಗ ನಾನು ನೋಡಿದ್ದನ್ನು ಮರೆಯುವುದಿಲ್ಲ. ಹಸಿರಿನ ಕೆಳಗೆ ಜಿಡ್ಡು, ಜಿಡ್ಡಿನ ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಜಿಡ್ಡು, ಅದರ ಕೆಳಗೆ ಗಾಡಿಯ ಕೆಂಪು. ಚಿರೋಟಿಯ ಹಾಗೆ ಪದರ ಪದರ. ಭಾವನ ಯಜಮಾನಿಕೆಯ ಒಂದೊಂದು ವರ್ಷವನ್ನೂ ಅಲ್ಲಿ ಎಣಿಸಬಹುದಿತ್ತು. ನಡುವೆ ಸೊಳ್ಳೆ, ಹಲ್ಲಿಯ ಬಾಲದ ತುದಿ, ಒಗ್ಗರಣೆಯಿಂದ ಸಿಡಿದು ಅಂಟಿಕೊಂಡ ಸಾಸಿವೆ. ಆ ಸಾಸಿವೆ ಕಾಳುಗಳಿಗೂ ಅವರು ಒಂದನ್ನೂ ಬಿಡದೆ ಬಣ್ಣ ಹಚ್ಚಿದ್ದರು.

ಮುದುಕಿ ಒಂದು ಹಸಿರು ಸಾಸಿವೆಯನ್ನು ಅಂಗೈಯಲ್ಲಿಟ್ಟು ಅತ್ತೆಗೆ ತೋರಿಸಿದಳು. "ನಿಮ್ಮ ದೊಡ್ಡ ಮಗನೋರು ಬೋ ನಾಜೂಕು ಕಣವ್ವ. ಸಾಸ್ವೆಗೂ ಅಂಗಿ ಹೊಲ್ಸವ್ರೆ." ಅತ್ತೆ ನಗಲು ಹೋಗಿ ಕೆಮ್ಮಿದರು. ಜಗಲಿಯಲ್ಲಿ ಎಲೆಯಡಿಕೆ ಜಗಿಯುವ ಸದ್ದು ನಿಂತಿತು.

ಆ ಭಾನುವಾರ ಕೆಳಗಿನ ಅರ್ಧವಷ್ಟೇ ಆಯಿತು. ಮುಂದಿನ ಭಾನುವಾರ ಮೇಲಿನದು ಮತ್ತು ಸರಳು. ರೆಕ್ಕೆ ಇನ್ನೂ ಅಲುಗಲಿಲ್ಲ, ಚೌಕಟ್ಟಿನ ಸಂದಿಯಲ್ಲಿ ಬಣ್ಣ ಸುರಿದಂತೆ ತುಂಬಿಕೊಂಡಿತ್ತು. ಭಾವ ಗಂಟಲು ಸರಿಮಾಡಿಕೊಂಡು ಅತ್ತೆಗೆ ಹೇಳಿದರು, "ನಾನೇಳಿರ್ಲಿಲ್ವಾ? ಬೇಸಗೆ ರಜಕ್ಕೇ ರಾಜೀನಾಮೆ ಕೊಟ್ಬುಡ್ಲಿ ಅನ್ನು." ಅವರು ಇದನ್ನು ಬೇಸರದಿಂದ ಹೇಳಲಿಲ್ಲ. ಸಂತೋಷದಿಂದ ಹೇಳಿದರು. ಕೆಲಸ ಮಾಡದವರಿಗೆ ಕೆಲಸ ಕೆಡುವುದೇ ಹಬ್ಬ.

ಐದನೆಯ ಭಾನುವಾರ, ತಿಂಗಳ ಕೊನೆ. ಮುದುಕಿ ಈ ಸಲ ಪಂಚೆಯನ್ನು ಹರಿದು ಬತ್ತಿ ಹೊಸೆದಳು. ಕುದಿಯುವ ತಿಳಿಯಲ್ಲಿ ಅದ್ದಿದ ಬತ್ತಿಗಳನ್ನು ಚೌಕಟ್ಟಿನ ಸಂದಿಯುದ್ದಕ್ಕೂ ಬಿದಿರಿನ ಸೀಳಿನಿಂದ ತುರುಕಿದೆವು. ನಾನು ಒಳಗಿನಿಂದ, ಅವಳು ಹಿತ್ತಲಿನಿಂದ. ಆರಿದ್ದನ್ನು ತೆಗೆದು ಬಿಸಿಯದನ್ನು ಇಟ್ಟೆವು. ನನ್ನ ಬೆರಳ ತುದಿಗಳು ಬೆಂದು ಬಿಳಿಚಿಕೊಂಡವು. ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ಇದೇ ನಡೆಯಿತು. ಆಮೇಲೆ ಹಿತ್ತಲಿನಿಂದ ಅವಳು, "ನೂಕಿ, ಮೆತ್ತುಗೆ" ಎಂದಳು. ಅಂಗೈ ಇಟ್ಟು ನೂಕಿದೆ. ಗೋಂದು ಕೀಳುವಂಥ ಸದ್ದಾಗಿ ಬಲಗಡೆಯ ರೆಕ್ಕೆ ಹೊರಕ್ಕೆ ಹೋಯಿತು.

ಒಲೆಯ ಮೇಲೆ ತೂಗುತ್ತಿದ್ದ ಹೊಗೆ ಒಂದು ಕ್ಷಣ ನಿಂತು, ತಿರುಗಿ, ಸಾಲಾಗಿ ಹೊರಟುಹೋಯಿತು. ಅತ್ತೆ ಮಣೆಯಿಂದ ಎದ್ದು ಸರಳು ಹಿಡಿದು ನಿಂತರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬೆಟ್ಟ ನೋಡಿದರು.

"ಬೆಟ್ಟ ಅಲ್ಲೇ ಐತಲ್ಲವ್ವ" ಎಂದರು.

ಅಷ್ಟರಲ್ಲಿ ಹಿತ್ತಲಿನ ಕೊತ್ತಂಬರಿ ಮಡಿಯಲ್ಲಿ ಪಕ್ಕದ ಮನೆಯ ಕೋಳಿಗಳು ಕೆದಕುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಕಿಟಕಿ ಮುಚ್ಚಿದ್ದ ಅಷ್ಟು ವರ್ಷವೂ ಅವು ಅಲ್ಲೇ ಮೇಯ್ದಿರಬೇಕು. ಅತ್ತೆ ಆ ಕೋಳಿಗಳನ್ನೂ, ಅವುಗಳ ಒಡತಿಯನ್ನೂ, ಒಡತಿಯ ತವರಿನವರನ್ನೂ ಒಂದೇ ಉಸಿರಿನಲ್ಲಿ ಬೈದರು. ನಡುವೆ ಎಲ್ಲೂ ಕೆಮ್ಮಲಿಲ್ಲ. ಹಿತ್ತಲಿನಲ್ಲಿ ಮುದುಕಿ ಕೈಯೊರೆಸಿಕೊಳ್ಳುತ್ತಾ, "ಗಾಳಿ ಬಂತು ಬುಡಿ" ಎಂದಳು.

ಪಿರಿಯಾಪಟ್ಟಣದ ಡಾಕ್ಟರು ಮತ್ತೆ ಕೊಳವೆ ಇಟ್ಟು ನೋಡಿ, "ಅಡುಗೆ ಮಾಡ್ಲಿ, ಕಿಟಕಿ ಮಾತ್ರ ಮುಚ್ಚಬೇಡಿ" ಎಂದು ಕಳಿಸಿದರು. ನಾನು ಬೆಳಕಿಂಡಿಯ ತಗಡನ್ನೂ ಕೀಳಿಸಿದೆ. ಮಂಗ ಎರಡು ಸಲ ಇಳಿಯಿತು. ಒಂದು ತೆಂಗಿನಕಾಯಿ ಹೋಯಿತು.

ಅವತ್ತಿನಿಂದ ಆ ಕಿಟಕಿಗೆ ನಾನೊಂದು ಕಟ್ಟಳೆ ಮಾಡಿದೆ. ಸಂಜೆಯ ಅಡುಗೆ ಮುಗಿದು ಗಾಜು ಇನ್ನೂ ಬೆಚ್ಚಗಿರುವಾಗಲೇ ಬಿಸಿನೀರಿಗೆ ಚಿಟಿಕೆ ಸೀಗೆಪುಡಿ ಹಾಕಿ ಒರೆಸುವುದು, ಕೆಳಗಿನಿಂದ ಮೇಲಕ್ಕೆ. ಆಮೇಲೆ ಒಣ ಬಟ್ಟೆ. ಮುದ್ದೆ ತಿರುವುವಷ್ಟು ಹೊತ್ತೂ ಬೇಡ. ಕರಿದ ದಿನ ಎರಡು ಸಲ. ಈಗ ನಮ್ಮ ಮನೆಯ ಹುಡುಗಿಯರು ನೀಲಿ ನೀರಿನ ಬಾಟಲಿ ಹಿಡಿದು, ತಿಂಗಳ ಜಿಡ್ಡಿನ ಮೇಲೆ ಎರಡು ಸಲ ಚಿಮುಕಿಸಿ, ಹೋಗಲಿಲ್ಲ ಎಂದು ಗೊಣಗಿ ಪರದೆ ಎಳೆಯುತ್ತಾರೆ. ಪರದೆಯೂ ಒಂದು ಬಗೆಯ ಬಣ್ಣವೇ. ನಾನು ಹೇಳುವುದನ್ನು ಬಿಟ್ಟಿದ್ದೇನೆ.

ಮತ್ತೆ ಪಕ್ಷದ ಹಬ್ಬ ಬಂತು. ಹಬ್ಬದ ಮುಂಚಿನ ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಅಡುಗೆಮನೆಗೆ ಕಾಲಿಟ್ಟರೆ, ಭಾವ ಡಬ್ಬ ಮತ್ತು ಬ್ರಷ್ಷು ಹಿಡಿದು ಕಿಟಕಿಯ ಮುಂದೆ ನಿಂತಿದ್ದರು. ಎರಡೂ ರೆಕ್ಕೆ ಎಳೆದು ಮುಚ್ಚಿದ್ದರು. ಅದೇ ಹಸಿರು. ಅತ್ತೆ ಒಲೆಯ ಮುಂದೆ ಕಜ್ಜಾಯ ಬೇಯಿಸುತ್ತಾ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಬ್ರಷ್ಷಿನ ತುದಿಯಿಂದ ಒಂದು ಹನಿ ಆಗಲೇ ಗಾಜಿನ ಕಡೆಗೆ ಹೊರಟಿತ್ತು.

ಅತ್ತೆಗೆ ಹೇಳಿ ಅತ್ತೆ ಅವರಿಗೆ ಹೇಳುವಷ್ಟು ಹೊತ್ತಿರಲಿಲ್ಲ.

"ಭಾವ, ಬ್ರಷ್ ಕೆಳಗಿಡಿ" ಎಂದೆ. ಅವರ ಮುಖ ನೋಡಿಯೇ ಹೇಳಿದೆ.

ಅವರು ನನ್ನ ಕಡೆ ತಿರುಗಲಿಲ್ಲ, ಅತ್ತೆಯ ಕಡೆ ತಿರುಗಿದರು. ಸೊಸೆಯ ನಾಲಿಗೆ ಸುಡುವಂಥದ್ದೇನಾದರೂ ಆ ಕಡೆಯಿಂದ ಬರಲಿ ಎಂದು ಕಾದರು. ಅತ್ತೆ ಕಜ್ಜಾಯವನ್ನು ಮಗುಚಿ ಹಾಕಿದರು.

"ಕೇಳುಸ್ಲಿಲ್ವೇನ್ಲಾ? ಇಡು ಅಂದ್ಲಲ್ಲ. ಮೊದ್ಲು ಕಿಟ್ಕಿ ತಗಿ."

ಅವರು ರೆಕ್ಕೆ ತೆರೆದರು. ಬ್ರಷ್ಷನ್ನು ಡಬ್ಬದೊಳಗಿಟ್ಟರು. ಆಮೇಲೆ ಗೋಡೆಗೋ ನನಗೋ ತಿಳಿಯದ ಹಾಗೆ ಕೇಳಿದರು, "ಇರೋ ಬಣ್ಣ ಏನ್ಮಾಡ್ಲಿ ಮತ್ತೆ?"

"ನಿಮ್ಮ ಕೋಣೆ ಬಾಗಿಲಿಗೆ ಹಚ್ಕೊಳ್ಳಿ. ನಿಮ್ಮ ತಲೆಯೆಣ್ಣೆ ಕೂತಿದೆ, ಒರೆಸಿ ಹಚ್ಚಿ" ಎಂದೆ.

ಅವರು ಒರೆಸದೆ ಹಚ್ಚಿದರು. ಭಾನುವಾರ ಸಂಜೆ ಮಳೆಗೆ ಬಾಗಿಲು ಮುಚ್ಚಿ ಮಲಗಿದವರು ಸೋಮವಾರ ಬೆಳಗ್ಗೆ ಒಳಗಿನಿಂದ ಗುದ್ದತೊಡಗಿದರು. "ಅವ್ವ! ಅವ್ವೋ! ಬಾಗ್ಲು ಕಚ್ಕಂಡದೆ!" ಅತ್ತೆ ತೆರೆದ ಕಿಟಕಿಯ ಬೆಳಕಿನಲ್ಲಿ ರೊಟ್ಟಿ ತಟ್ಟುತ್ತಾ, "ಮಡಿವಾಳರ ಮುದುಕಿ ಬತ್ತಾಳೆ ಇರ್ಲಾ, ಬೆವರು" ಎಂದರು. ನನಗೆ ಶಾಲೆಗೆ ಹೊತ್ತಾಗಿತ್ತು. ಹೋದೆ.